ಎಡಗಡೆ ಮುಂದಿನ ಗಾಲಿ

ಅಣ್ಣಾ,

ನಿನ್ನೆ ನೀನು ಕಾಂಟೆಸ್ಸಾ ಕಾರಿಗೆ ಹೊಸ ಬ್ರೇಕ್ ಡಿಸ್ಕ್, ಗಾಲಿಯ ಸ್ಟಡ್ ಬೋಲ್ಟ್ ಹಾಕಿದೆಯಲ್ಲ, ಆಗ ಎಡಗಡೆ ಮುಂದಿನ ಗಾಲಿಯ ನಟ್‌ಗಳನ್ನು ಬರೀ ಕೈಯಿಂದ ತಿರುವಿದ್ದೆ. ಅಷ್ಟರಲ್ಲಿ ಅವ್ವ, "ರಾಹುಕಾಲ ಬಂತೋ, ಲಗೂ ಪೂಜಿ ಮಾಡು" ಎಂದು ಅವಸರ ಮಾಡಿದಳು. ನೀನು ಜಾಕ್ ಇಳಿಸಿ, ಲಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸಿದೆ. ಆಮೇಲೆ ನಟ್ ಬಿಗಿಯಲು ಪಾನಾ ಮುಟ್ಟಲೇ ಇಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. ಪೂಜೆಗೆ ಸೇರಿದ್ದ ಅಷ್ಟು ಜನರ ಮುಂದೆ ನಿನ್ನ ತಪ್ಪು ಹೇಳಲು ಬಾಯಿ ಬರಲಿಲ್ಲ. ಈಗ ಬೆಳಿಗ್ಗೆ ಎಬ್ಬಿಸಿ ಹೇಳಿದರೆ, "ನಿನಗೇನ್ ತಿಳಿತೈತಿ, ಸುಮ್ನಿರು" ಎಂದು ಮಗ್ಗಲು ಬದಲಿಸಿದೆ.

ಇವತ್ತು ಅವ್ವನನ್ನು ಕೂರಿಸಿಕೊಂಡು ಬಬಲೇಶ್ವರಕ್ಕೆ ಹೊರಡುವವನು ನೀನು. ದಾರಿಯಲ್ಲಿ ಆ ಗಾಲಿ ಕಳಚಿದರೆ?

ಚಹಾ ಒಲೆಯ ಮೇಲಿದೆ, ಬಿಸಿ ಮಾಡಿಕೋ. ಗಾಡಿಯ ಚಾವಿ ಹುಡುಕಬೇಡ. ನಾನು ಕೆಲಸಕ್ಕೆ ಹೋಗುವ ಸ್ಟೇಷನ್ ರಸ್ತೆಯ ಹೊಲಿಗೆ ಅಂಗಡಿಗೆ ನನ್ನ ಜೊತೆ ಒಯ್ದಿದ್ದೇನೆ. ಬೈಯುತ್ತಲೇ ಬಾ, ಆದರೆ ನಟ್ ಬಿಗಿ ಮಾಡಿ ಬಾ. ನಿನ್ನ ಕೈ ಕಪ್ಪಾಗಿದ್ದು ಕಂಡರೆ ಮಾತ್ರ ಚಾವಿ ಕೊಡುತ್ತೇನೆ.

ಶೈಲಾ