ಡಬ್ಬಿಯ ಮೇಲಿನ ಮೂರು ಬೆರಳು

ತಾಯಿ ನಾಗರತ್ನಾ,

ಪೂಜೆ ಮುಗಿಸಿ ಬೈಲಹೊಂಗಲಕ್ಕೆ ಹೊರಟಿದ್ದೇನೆ. ನಿನ್ನ ಅತ್ತೆ ಶಿವನ ಪಾದ ಸೇರಿದರೂ ನಮ್ಮ ಶೇಂಗಾ ಚಟ್ನಿಯ ಟ್ರೇಡ್‌ಮಾರ್ಕು ಇನ್ನೂ ಆಕೆಯ ಹೆಸರಿನಲ್ಲೇ ಇದೆ. ಅದನ್ನು ನಿನ್ನ ಹೆಸರಿಗೆ ಮಾಡಲು ನನ್ನ ಒಪ್ಪಿಗೆ ಬೇಕಂತೆ. ಇಂದು ವಕೀಲರ ಮುಂದೆ ಸಹಿ ಹಾಕಿ ಬರುತ್ತೇನೆ.

ರೊಟ್ಟಿ ಕಟ್ಟಿಕೊಂಡಿದ್ದೇನೆ, ನನ್ನ ದಾರಿ ಕಾಯದೆ ಉಣ್ಣು.

ಹುರಿದ ಶೇಂಗಾ ಆರಿದ ಮೇಲೆಯೇ ಕುಟ್ಟಿಸು. ಮೊನ್ನೆಯ ಹಾಗೆ ಅವಸರ ಮಾಡಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

"ಅತ್ತಿಯವರ ಗುರುತು ನನಗ್ಯಾಕ್ರಿ ಮಾವಾರ?" ಎಂದು ನಿನ್ನೆ ನೀನು ಕಣ್ಣೀರು ಹಾಕಿದೆ. ಆಕೆ ಒಮ್ಮೆ ನನಗೆ ಅಂದಿದ್ದಳು: "ರತ್ನಾನ ಕೈ ನನ್ನ ಕೈಗಿಂತ ಚಲೋ ಐತ್ರಿ. ಅಕಿಗೆ ಹೇಳಬ್ಯಾಡ್ರಿ ಮತ್ತ, ಸೊಕ್ಕ ಬರತೈತಿ." ಇಷ್ಟು ದಿನ ನಾನು ನಿನಗೆ ಹೇಳಿರಲಿಲ್ಲ.

ಪ್ರತಿ ಹೊಸ ಡಬ್ಬಿಯ ಮೇಲೆ ಆಕೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು. ಅದೇ ಮುಂದೆ ನಾವು ಮಾರುವ ಚಟ್ನಿ ಚೀಲದ ಮೇಲಿನ ಟ್ರೇಡ್‌ಮಾರ್ಕಾಯಿತು. ಇಂದಿನ ಡಬ್ಬಿಗೆ ನೀನೇ ಎಳೆ.

ದೇವರ ಜಗಲಿಯ ಪಕ್ಕದಲ್ಲಿರುವ ಹಳೆಯ ಡಬ್ಬಿಯನ್ನು ಮಾತ್ರ ಒರೆಸಬೇಡ. ಅದರ ಮೇಲೆ ಆಕೆಯ ಬೆರಳಿನ ಗೆರೆಗಳು ಇನ್ನೂ ಉಳಿದಿವೆ. ಸಹಿ ಹಾಕಿ ಬಂದ ಮೇಲೆ ನಾನು ಅದರ ಮುಂದೆ ತುಸು ಹೊತ್ತು ಕೂಡಬೇಕು.

ನಿನ್ನ ಮಾವ