ನಿಶಾಳ ಸೊಂಟದ ಹಗ್ಗ

ಬೈತಖೋಲ, ಕಾರವಾರ
25-9-2024

ಪ್ರೀತಿಯ ಲತಕ್ಕನಿಗೆ,

ಬೇಬಿ ಮಾಡುವ ನಮಸ್ಕಾರ. ಅಗಸೂರಿನಲ್ಲಿ ನೀನೂ ರಾಜೀವ ಭಾವನೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ನೀನು ಫೋನು ಮಾಡಿದಾಗಲೆಲ್ಲ ನಾನು ಎತ್ತಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ದನಿ ಕೇಳಿದರೆ ಹೇಳಬೇಕಾದದ್ದು ಮರೆತುಹೋಗುತ್ತದೆ. ಬರೆಯುವಾಗ ಮಾತ್ರ ನನಗೆ ಸ್ವಲ್ಪ ಧೈರ್ಯ.

ಹೋದ ವಾರ ಮಕ್ಕಳ ಇಲಾಖೆಯ ಮೇಡಂ ಒಬ್ಬರು ಮನೆಗೆ ಬಂದಿದ್ದರು. ನಾನು ಮೀನಿನ ಬುಟ್ಟಿ ಹೊತ್ತು ಕದ್ವಾಡಕ್ಕೆ ಹೋಗಿದ್ದೆ. ನಿಶಾಳ ಅಪ್ಪ ಬೋಟಿನಲ್ಲಿದ್ದರು. ಅತ್ತೆ ಒಳಗೆ ಮಸಾಲೆ ಅರೆಯುತ್ತಿದ್ದರು. ನಿಶಾ ಜಗಲಿಯ ಕಂಬಕ್ಕೆ ಕಟ್ಟಿಸಿಕೊಂಡು ಚಿಪ್ಪಿಗಳ ಜೊತೆ ಆಡುತ್ತಿದ್ದಳಂತೆ.

ನಡೆಯಲು ಕಲಿತ ಮಗುವನ್ನು ಕಟ್ಟಿಯೇ ಅಲ್ಲವೇ ನಮ್ಮ ದಂಡೆಯ ಹೆಂಗಸರು ಮೀನಿಗೆ ಹೋಗುವುದು? ಹಳೆಯ ಬಲೆಯ ಹಗ್ಗ, ಒಳಗೆ ಸೀರೆಯ ಮೆತ್ತನೆಯ ತುಂಡು. ಮೆಟ್ಟಿಲು ಮುಟ್ಟುವಷ್ಟು ಉದ್ದ, ಇಳಿಯುವಷ್ಟಲ್ಲ. ಇಳಿದರೆ ಮರಳು, ಮರಳು ದಾಟಿದರೆ ನೀರು. ಅಮ್ಮ ನಮ್ಮಿಬ್ಬರನ್ನೂ ಒಂದೇ ಕಂಬಕ್ಕೆ ಕಟ್ಟುತ್ತಿದ್ದಳು. ನೀನು ನನ್ನ ಹಗ್ಗ ಎಳೆದು ಬೀಳಿಸಿ ನಗುತ್ತಿದ್ದೆ.

“ಮಗೂನ ದನದ ಹಾಗೆ ಕಟ್ಟಿದ್ದೀರಲ್ಲ ಅಜ್ಜಿ?” ಎಂದು ಮೇಡಂ ಕೇಳಿದರಂತೆ.

ಅತ್ತೆಯ ಬಾಯಿ ನಿನಗೆ ಗೊತ್ತು. “ಕಟ್ಟದೆ ಬಿಟ್ರೆ ಸಮುದ್ರ ಒಯ್ತದೆ ಮೇಡಮ್ಮ. ಅದು ನಿಮ್ಮಂಗೆ ಜೀಪು ತಕಂಡು, ಹೇಳಿ ಕೇಳಿ ಬರೂದಿಲ್ಲ!” ಎಂದರಂತೆ.

ನಾನು ಬಂದಾಗ ಮೇಡಂ ಇನ್ನೂ ಕುಳಿತಿದ್ದರು. ಬೈಯಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ನಿಶಾಳ ಅಂಗಿ ಎತ್ತಿ ಸೊಂಟದ ಕೆಂಪು ಗೆರೆ ತೋರಿಸಿ, “ಇದು ಕಾಣೋದಿಲ್ವಾ ತಂಗಿ?” ಎಂದರು. ಕಂಡಿತ್ತು ಅಕ್ಕ. ಬೆವರುಸಾಲೆ ಎಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಅವಳ ಅಂಗಿ ಕೆಳಗೆಳೆದು ಎತ್ತಿಕೊಂಡೆ.

“ಮೂವತ್ತನೇ ತಾರೀಕು ಸೋಮವಾರ ಮಗೂನ ಕರ್ಕೊಂಡು ಮಕ್ಕಳ ಸಮಿತಿ ಮುಂದೆ ಬನ್ನಿ. ಮನೇಲಿ ನೋಡ್ಕೊಳ್ಳೋರು ಇಲ್ಲ ಅಂತ ಅವರಿಗೆ ಅನಿಸಿದ್ರೆ ಬಾಲಮಂದಿರಕ್ಕೆ ಕಳಿಸ್ತಾರೆ. ಹತ್ತಿರದ ಸಂಬಂಧಿಕರು ಜವಾಬ್ದಾರಿ ತಗೊಂಡ್ರೆ ಅವರ ಹತ್ರ ಇರಬಹುದು” ಎಂದು ಹೇಳಿ ಹೋದರು.

ಅಂದಿನಿಂದ ನಾನು ಬುಟ್ಟಿ ಹೊತ್ತಿಲ್ಲ. ಹಗ್ಗವನ್ನು ಒಲೆಗೆ ಹಾಕಿದೆ. ಮಗು ಮೆಟ್ಟಿಲಿಳಿದರೆ ನೀರಿನ ಹೆದರಿಕೆ, ರಸ್ತೆಯಲ್ಲಿ ಗಾಡಿ ನಿಂತರೆ ಅವರ ಹೆದರಿಕೆ. ಸ್ನಾನಕ್ಕೂ ಅವಳನ್ನು ಜೊತೆಗೇ ಒಯ್ಯುತ್ತೇನೆ. ಪಕ್ಕದ ಮನೆಯ ಕಾಮಿ ಬಾವಿಕಟ್ಟೆಯಲ್ಲಿ, “ಹೋಯ್ ಬೇಬಿ, ಮನೆಗೆ ಜೀಪು ಬಂತಂತೆ, ನಿನ್ನ ಮಗ್ಳಿಗೆ ಈಗ್ಲೇ ಸರ್ಕಾರಿ ನೌಕ್ರಿ ಸಿಕ್ತಂತಲ್ಲೇ!” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕು, ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಇವರು ಫೋನಿಗೆ ಸಿಕ್ಕಾಗ, “ಮಗೂನ ಬೋಟಿಗೆ ತಕಂಡ್ ಬಾ. ಅಲ್ಲಿಗೆ ಯಾವ ಮೇಡಂ ಬತ್ತಾಳೆ ನೋಡ್ತೆ” ಎಂದರು. ಸಿಟ್ಟಿನ ಮಾತು. ಆದರೆ ನಾನು ಅದನ್ನೂ ಯೋಚಿಸಿದೆ ಅಕ್ಕ.

ಸೋಮವಾರ ನೀನೂ ಭಾವನೂ ಬರಬೇಕು. ಅಷ್ಟು ಜನರೆದುರು ನನ್ನ ಬಾಯಿ ಏಳುವುದಿಲ್ಲ. ಬೇಬಿ ಮೀನಿಗೆ ಹೋಗುವುದನ್ನು ಬಿಟ್ಟಿದ್ದಾಳೆ, ಮಗು ತಾಯಿಯ ಹತ್ತಿರವೇ ಇರಲಿ ಎಂದು ನೀನು ಹೇಳು. ಅವರು ಏನು ಮಾಡಿದರೂ ಒಪ್ಪದಿದ್ದರೆ, ಬಾಲಮಂದಿರಕ್ಕಿಂತ ನಿನ್ನ ಮನೆಯಲ್ಲಿರಲಿ. ಇದನ್ನು ಬರೆಯಲು ನನಗೆ ಎರಡು ದಿನ ಹಿಡಿಯಿತು.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಡಲಿ. ನಿಶಾಳ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ತಂಗಿ,
ಬೇಬಿ

ತಾ.ಕ.: ದೂರು ಕೊಟ್ಟವರು ಕಳಿಸಿದ್ದು ಎಂದು ಮೇಡಂ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಂಬಕ್ಕೆ ಕಟ್ಟಿದ ನಿಶಾ, ಮೈಮೇಲೆ ಚೌತಿಗೆ ನೀನು ತಂದ ಹಸಿರು ಫ್ರಾಕು. ಬಿಗಿಯಾಯಿತೆಂದು ಅಂದು ಸಂಜೆಯೇ ಬಿಚ್ಚಿ, ಬದಲಾಯಿಸಿ ತರುತ್ತೇನೆಂದು ನೀನು ಒಯ್ದೆಯಲ್ಲ, ಅದೇ. ಅಂದು ನಮ್ಮ ಮನೆಗೆ ಬಂದವಳು ನೀನೊಬ್ಬಳೇ. ಇವರಿಗೂ ಅತ್ತೆಗೂ ನಾನು ಹೇಳಿಲ್ಲ. ಅವಳ ಸೊಂಟ ನೋಡಿ ನಿನಗೆ ತಡೆಯಲಾಗಲಿಲ್ಲವೋ, ನಿನ್ನ ಮನೆಯಲ್ಲಿ ಮಗುವಿಲ್ಲದ್ದಕ್ಕೆ ಹೀಗೆ ಮಾಡಿದೆಯೋ, ನನಗೆ ತಿಳಿಯದು. “ದೊಡ್ಡಮ್ಮ ಯಾವಾಗ ಬತ್ತಾಳೆ?” ಎಂದು ನಿಶಾ ದಿನವೂ ಕೇಳುತ್ತಾಳೆ. ಸೋಮವಾರ ಎನ್ನುತ್ತೇನೆ.