ನನ್ನ ಕೀಲಿಗಳನ್ನು ಹಗುರ ಮಾಡಿದವರು

ಮಕ್ಕುಮ್,
ಮಾರ್ಚ್ ೯

ಪ್ರಿಯ ರೂರ್ಡ್,

ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತುಂಬಾ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮಂಡಿಯ ಆಪರೇಶನ್ ಆದ ಮೇಲೆ ನಿನ್ನ ಮಾರಿಟ್ ಮತ್ತೆ ಸೈಕಲ್ ಹತ್ತಿದಳೆಂದು ಓದಿ ನಾನೂ ಹಿಲ್ಕೆಯೂ ಸಂತೋಷಪಟ್ಟೆವು. ಆದರೆ ಆಗ ನನ್ನ ತಲೆಯಲ್ಲಿ ಬೇರೊಂದು ಹುಳ ಹೊಕ್ಕಿತ್ತು. ಅದು ಹೊರಬೀಳುವವರೆಗೆ ಯಾರಿಗೂ ಬರೆಯುವುದು ಬೇಡ ಅಂದುಕೊಂಡಿದ್ದೆ. ಯಾರಿಗೂ ಎಂದರೆ ನಿನಗೂ. ನನ್ನ ಅನುಮಾನದಲ್ಲಿ ನಿನಗೂ ಒಂದು ಪಾಲು ಇತ್ತು.

ಹೋದ ಶರತ್ಕಾಲದಲ್ಲಿ ಉಟ್ರೆಕ್ಟ್‌ನ ಕಂಪ್ಯೂಟರ್ ಕೀಬೋರ್ಡ್ ಮೇಳಕ್ಕೆ ನನ್ನನ್ನು ಎಳೆದುಕೊಂಡು ಹೋದವನು ನೀನೇ. ಮೊಮ್ಮಕ್ಕಳ ವಯಸ್ಸಿನವರು ಮೇಜಿನ ತುಂಬ ಕೀಲಿಯ ಅಡಿಯಲ್ಲಿ ಕೂರುವ ಸ್ಪ್ರಿಂಗಿನ ಸ್ವಿಚ್ಚುಗಳನ್ನು ಹರಡಿಕೊಂಡು, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಒತ್ತಿ ನೋಡುತ್ತಿದ್ದರು. ನೀನು ಬೆಣ್ಣೆಯ ಹಾಗೆ ಜಾರುವಂಥವನ್ನು ಆರಿಸಿಕೊಂಡೆ. ನಾನು ಅಲ್ಲಿದ್ದವನ್ನೆಲ್ಲ ಮುಟ್ಟಿ, ಮೂಗು ಮುರಿದು, ಕೊನೆಗೆ ಅತಿ ಭಾರದ್ದನ್ನು ಹಿಡಿದೆ. ಒತ್ತಲು ಹೋದರೆ ದಪ್ಪ ಉಬ್ಬೊಂದು ಬೆರಳನ್ನು ತಡೆಯುತ್ತಿತ್ತು, ಅದನ್ನು ದಾಟಿದ ಮೇಲಷ್ಟೇ ಕೀಲಿ ಕೆಳಗಿಳಿಯುತ್ತಿತ್ತು. "ಇದು ಕೀಬೋರ್ಡೋ ಜಿಮ್ಮೋ ಮಾರಾಯ?" ಅಂತ ನೀನು ಎಲ್ಲರೆದುರು ಕೇಳಿದೆ. ನಗು ನೀನು. ಸೋಕಿದರೆ ಸಾಕು ಅಕ್ಷರ ಉದುರಿಸುವ ಕೀಲಿಯನ್ನು ನಾನು ನಂಬುವುದಿಲ್ಲ. ಬಂದರಿನ ಕಚೇರಿಯಲ್ಲಿ ಟೆಲೆಕ್ಸ್ ಯಂತ್ರ ಬಡಿದ ಕೈ ಇದು. ನಾನು ಒತ್ತಿದ್ದು ನನ್ನ ಬೆರಳಿಗೆ ಗೊತ್ತಾಗಬೇಕು.

ತಿಂಗಳು ತಿಂಗಳು ನಮ್ಮ ಊರಿನ ಪತ್ರಿಕೆ ಹೊರಡುವುದು ಈ ಕೈಯಿಂದಲೇ ಎಂಬುದು ನಿನಗೆ ಗೊತ್ತು. ಅದರ ಮೇಲೆ ಶಾಲೆಯ ಮೇಷ್ಟ್ರು ಯೆಲ್ಮರ್‌ಗೆ ಕಣ್ಣಿದೆ ಎಂಬುದು ಗೊತ್ತಿಲ್ಲದಿರಬಹುದು. ಸಿಕ್ಕಾಗಲೆಲ್ಲ ಬಹಳ ನಯವಾಗಿ ಹೇಳುತ್ತಾನೆ: "ನಿಮಗೆ ಸಾಕು ಅನ್ಸಿದಾಗ ಒಂದ್ ಮಾತು ಹೇಳಿ ಗೊಸ್ಸೆ, ನಾನಿದ್ದೀನಿ." ಇಂಥ ನಯಕ್ಕೆ ನಾನು ಯಾವತ್ತೂ ಹೆದರುತ್ತೇನೆ. ಪತ್ರಿಕೆ ಕೈಬಿಟ್ಟರೆ ಈ ಊರಲ್ಲಿ ನಾನು ಬರೀ ಹಿಲ್ಕೆಯ ಗಂಡ.

ಜನವರಿಯಲ್ಲಿ ದ್ವೀಪದಲ್ಲಿರುವ ಅಣ್ಣನ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಸೊಂಟ ನೋವೆಂದು ಹಿಲ್ಕೆ ಬರಲಿಲ್ಲ. ಎರಡು ದಿನ ಅಲ್ಲಿ ವೃತ್ತಾಕಾರವಾಗಿ ಹಾಕಿದ ಕುರ್ಚಿಗಳಲ್ಲಿ ಕೂತು, ಬಂದವರಿಗೆಲ್ಲ ಶುಭಾಶಯ ಹೇಳಿ, ಫೆರಿ ಹತ್ತಿ ಮನೆಗೆ ಬಂದು ಬರೆಯಲು ಕೂತೆ. ಮೊದಲ ಪದಕ್ಕೇ ಏನೋ ಸರಿಯಿಲ್ಲ ಅನ್ನಿಸಿತು. ಉಬ್ಬು ಇತ್ತು, ಭಾರ ಇರಲಿಲ್ಲ.

ಮೇಳದಲ್ಲಿ ಆ ಹುಡುಗರು ಕಲಿಸಿದ್ದು ನೆನಪಿದೆಯಲ್ಲ? ಕೀಲಿಯ ಮೇಲೆ ಒಂದೇ ಬಗೆಯ ನಾಣ್ಯಗಳನ್ನು ಪೇರಿಸುತ್ತ ಹೋಗುವುದು, ಎಷ್ಟನೆಯದಕ್ಕೆ ಅಕ್ಷರ ಬೀಳುತ್ತದೋ ಅದೇ ಕೀಲಿಯ ತೂಕ. ಕೊಂಡ ದಿನ ಐದು ಸೆಂಟಿನ ಇಪ್ಪತ್ತು ನಾಣ್ಯ ಬೇಕಾಗಿತ್ತು. ಈಗ ಹದಿನೈದಕ್ಕೇ ಇಳಿಯಿತು. ಯಾವ ಕೀಲಿಯ ಮೇಲೆ ಪೇರಿಸಿದರೂ ಅಷ್ಟೇ.

ನಾನಿಲ್ಲದಾಗ ಯಾರು ಬಂದಿದ್ದರು ಎಂದು ಕೇಳಿದೆ. ಯೆಲ್ಮರ್ ಲೇಖನ ಕೊಡಲು ಬಂದಿದ್ದ ಎಂದಳು ಹಿಲ್ಕೆ. ಅಷ್ಟು ಸಾಕಾಯಿತು ನನಗೆ. ಸ್ವಿಚ್ಚಿನ ಮರ್ಮ ಅವನಿಗೆ ಹೇಳಿಕೊಟ್ಟವನು ನೀನೇ ಇರಬೇಕು ಎಂದೂ ಅನ್ನಿಸಿತು. ಕೀಲಿ ಹಗುರವಾದರೆ ತಪ್ಪು ಹೆಚ್ಚುತ್ತದೆ, ತಪ್ಪು ಹೆಚ್ಚಿದರೆ ಗೊಸ್ಸೆಗೆ ವಯಸ್ಸಾಯಿತು ಅಂತ ಪತ್ರಿಕೆಯ ಸಮಿತಿ ಹೇಳುತ್ತದೆ. ಮುಂದಿನ ಸಲ ಅವನು ಬಂದಾಗ ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು, ಎರಡನೆಯದು ಸಿಗದ ಹಾಗೆ ಡಬ್ಬಿ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡೆ. ಅವನು ಇದ್ದಷ್ಟು ಹೊತ್ತು ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಸಮಿತಿಯ ಸಭೆಯಲ್ಲಿ ಎಲ್ಲರೆದುರು ಅವನ ಬಣ್ಣ ಬಯಲು ಮಾಡಬೇಕೆಂದು ನಿರ್ಧರಿಸಿದೆ.

ಸಭೆಯ ದಿನ ಬೆಳಿಗ್ಗೆ ನನ್ನ ಕೋಟಿನ ಗುಂಡಿ ಕಿತ್ತು ಬಂತು. ಹಿಲ್ಕೆಯ ಗುಂಡಿ ಡಬ್ಬಿ ತೆರೆದರೆ ತಳದಲ್ಲಿ ಒಂದು ಪೊಟ್ಟಣ, ಅದರ ತುಂಬ ನನ್ನ ಕೀಲಿಗಳ ಹಳೆಯ ಭಾರದ ಸ್ಪ್ರಿಂಗುಗಳು.

ಅವಳು ಬಾಗಿಲಲ್ಲೇ ನಿಂತಿದ್ದಳು. ಅಡಗಿಸುವ ಪ್ರಯತ್ನವನ್ನೇ ಮಾಡಲಿಲ್ಲ.

"ನೀನು ಬರೆಯೋದು ನಿಲ್ಸಿದ್ದೆ ಗೊಸ್ಸೆ," ಎಂದಳು. "ನಾನು ಅಡುಗೆಮನೇಲಿ ಕೂತು ಕೇಳಿಸ್ಕೊಳ್ತಿದ್ದೆ. ಮೊದ್ಲು ಸದ್ದು ನಿಲ್ತಾನೇ ಇರ್ಲಿಲ್ಲ. ಆಮೇಲೆ ಒಂದು ಸಾಲು ಬರೆದು ಕೈ ಉಜ್ಕೊಳ್ತಾ ಕೂತಿರ್ತಿದ್ದೆ. ಹಗುರದ್ದು ತಗೋ ಅಂದ್ರೆ ನೀನು ತಗೊಳ್ತಿದ್ಯಾ?"

ನಿನಗೆ ಫೋನು ಮಾಡಿದ್ದನ್ನೂ ಹೇಳಿದಳು. ನೀನು ಹಗುರದ ಸ್ಪ್ರಿಂಗು ಕಳಿಸಿ, ಸ್ವಿಚ್ಚು ಬಿಚ್ಚುವ ಬಗೆಯನ್ನೂ ಹೇಳಿಕೊಟ್ಟೆಯಂತೆ. ಹುಬ್ಬು ಕೀಳುವ ಚಿಮ್ಮಟದಲ್ಲಿ ಅವಳು ಅರ್ಧ ಮುಗಿಸಿ ಕಣ್ಣು ನೋವೆಂದು ಕೂತಿದ್ದಾಗ ಯೆಲ್ಮರ್ ಬಂದನಂತೆ, ಉಳಿದರ್ಧ ಅವನು ಮಾಡಿದನಂತೆ. "ಅವರೇ ಪತ್ರಿಕೆ ಮಾಡ್ಲಿ, ಅವರಷ್ಟು ಚೆನ್ನಾಗಿ ನನ್ನ ಕೈಲಾಗಲ್ಲ" ಅಂದನಂತೆ.

ಅಂದರೆ ನನ್ನ ಅನುಮಾನ ಒಂದೂ ಸುಳ್ಳಾಗಲಿಲ್ಲ. ನೀವು ಮೂವರೂ ಸೇರಿ ಮಾಡಿದ್ದೀರಿ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಚಳಿಗೆ ಬೆರಳು ಮರಗಟ್ಟಿತ್ತು ಅಷ್ಟೇ ಎಂದು ಹಿಲ್ಕೆಗೆ ಹೇಳಿದೆ. ಅವಳು ಬಿಸ್ಕತ್ತಿನ ಡಬ್ಬಿ ತೆರೆದು ನನಗೆ ಒಂದು ಕೊಟ್ಟು, ಎರಡನೆಯದನ್ನೂ ಕೊಟ್ಟಳು. ಸಭೆಯಲ್ಲಿ ನಾನು ಕೀಲಿಗಳ ಮಾತೇ ಎತ್ತಲಿಲ್ಲ. ಯೆಲ್ಮರ್‌ಗೆ ನಾನೇ ಕಾಫಿ ತಂದುಕೊಟ್ಟಾಗ ಈಗ ಅವನು ನನ್ನ ಮೇಲೆ ಅನುಮಾನ ಪಟ್ಟಂತೆ ಕಂಡಿತು.

ಮಾರಿಟ್‌ಳ ಮಂಡಿ ಗಟ್ಟಿಯಾಗಿರಲಿ. ನಿಮ್ಮಿಬ್ಬರ ಸೈಕಲ್ಲಿಗೆ ಎಂದೂ ಎದುರುಗಾಳಿ ಬೀಸದಿರಲಿ.

ಇಂತಿ ನಿನ್ನ ಹಳೆಯ ಗೆಳೆಯ,
ಗೊಸ್ಸೆ

ಮತ್ತೊಂದು ಮಾತು: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಎರಡು ವಾರದಿಂದ ಕೀಲಿಗಳು ಮತ್ತೆ ಭಾರವಾಗಿವೆ. ನಾನು ಗೊಣಗಿದ್ದಕ್ಕೆ ಹಿಲ್ಕೆ ಹಳೆಯ ಸ್ಪ್ರಿಂಗುಗಳನ್ನೇ ಮರಳಿ ಹಾಕಿರಬೇಕೆಂದು ಅನುಮಾನ ಬಂತು. ಅವಳು ಹಾಡಿನ ತಂಡಕ್ಕೆ ಹೋದಾಗ ನಾಣ್ಯ ಪೇರಿಸಿದೆ. ಹದಿನೈದನೆಯದಕ್ಕೆ ಅಕ್ಷರ ಬಿತ್ತು. ಇನ್ನೊಂದು ಕೀಲಿಯಲ್ಲೂ ಹದಿನೈದೇ. ಯಾರೂ ಏನೂ ಮುಟ್ಟಿಲ್ಲ, ರೂರ್ಡ್. ಈ ಕಾಗದ ತಡವಾಗಿದ್ದು ಅದಕ್ಕೇ. ಇನ್ನೂ ಹಗುರದ ಸ್ಪ್ರಿಂಗು ಸಿಗುತ್ತದೆಯೇ ನೋಡು. ಸಿಕ್ಕರೆ ಹಿಲ್ಕೆಯ ಹೆಸರಿಗೆ ಕಳಿಸು, ನಾನು ಕೇಳಿದೆನೆಂದು ಹೇಳಬೇಡ. ಈಸ್ಟರ್‌ಗೆ ಎರಡು ದಿನ ಅಣ್ಣನ ಮನೆಗೆ ಹೋಗುತ್ತೇನೆಂದು ಅವಳಿಗೆ ಈಗಲೇ ಹೇಳಿಟ್ಟಿದ್ದೇನೆ.